ಎದೆಬಡಿತದ ಯಂತ್ರವು ಟ್ರ್ಯಾಕ್ಟರು ಹತ್ತಿದ ಬಗ್ಗೆ

ಮಾನ್ಯ ಓದುಗರ ಅವಗಾಹನೆಗೆ ಸವಿನಯವಾಗಿ ತರಬಯಸುವುದೇನೆಂದರೆ, ನಾನು ಪಾಂಡವಪುರದ ಒಂದು ಖಾಸಗಿ ಹೃದಯ ಚಿಕಿತ್ಸಾಲಯದಲ್ಲಿ ಇ.ಸಿ.ಜಿ. ತಂತ್ರಜ್ಞನಾಗಿದ್ದು, ಈವರೆಗೆ ರಜೆ ಅರ್ಜಿ, ಯಂತ್ರ ದುರಸ್ತಿಯ ಕೋರಿಕೆ ಮತ್ತು ವಿದ್ಯುತ್ ಕಚೇರಿಗೆ ದೂರು ಇವುಗಳ ಹೊರತು ಬೇರೇನನ್ನೂ ಬರೆದವನಲ್ಲ. ಆದಕಾರಣ ಈ ಬರಹದಲ್ಲಿ ಅರ್ಜಿಯ ಧಾಟಿ ಕಂಡುಬಂದಲ್ಲಿ ಮನ್ನಿಸಬೇಕಾಗಿ ಮೊದಲಿಗೇ ಕೋರುತ್ತೇನೆ. ಬರೆಯಲು ಕೂತಾಗಿನಿಂದ ನನ್ನದೇ ಎದೆ ಬಡಿದುಕೊಳ್ಳುತ್ತಿದೆ. ಇಂಥ ಬಡಿತ ಅಪಾಯಕಾರಿಯಲ್ಲವೆಂಬುದು ವೃತ್ತಿಯಿಂದ ಗೊತ್ತಿರುವ ಕಾರಣ ಮುಂದುವರಿಯುತ್ತಿದ್ದೇನೆ.

ನಮ್ಮಲ್ಲಿ ಹೋಲ್ಟರ್ ಎಂಬ ಒಂದು ಯಂತ್ರವಿದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಎದೆಯ ಮೇಲೆ ಅಲ್ಲಲ್ಲಿ ಅಂಟುಬಿಲ್ಲೆಗಳನ್ನು ಅಂಟಿಸಿ, ಅವಕ್ಕೆ ಬಣ್ಣಬಣ್ಣದ ವಯರುಗಳನ್ನು ಸಿಕ್ಕಿಸಿ, ಯಂತ್ರವನ್ನು ಪುಟ್ಟ ಚೀಲದಲ್ಲಿಟ್ಟು ಕೊರಳಿಗೆ ಹಾಕಿ ಕಳಿಸಿದರೆ, ಒಂದು ಹಗಲು ಒಂದು ರಾತ್ರಿ ಹೃದಯ ಹೊಡೆದ ಪ್ರತಿಯೊಂದು ಬಡಿತವನ್ನೂ ಅದು ದಾಖಲಿಸಿಕೊಳ್ಳುತ್ತದೆ. ಸಾಮಾನ್ಯ ಇ.ಸಿ.ಜಿ. ನೋಡುವುದು ಕೆಲವೇ ಸೆಕೆಂಡು. ಎದೆ ತಪ್ಪು ಮಾಡುವ ಹೊತ್ತಿಗೆ ಅದು ಅಲ್ಲಿರುವುದಿಲ್ಲ. ಹೋಲ್ಟರ್ ಹಾಗಲ್ಲ, ಜೊತೆಯಲ್ಲೇ ಮಲಗಿ ಜೊತೆಯಲ್ಲೇ ಏಳುತ್ತದೆ.

ಸದರಿ ಯಂತ್ರ ಒಂದೇ ಇದ್ದು, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ನಾಲ್ಕೂ ತಾಲ್ಲೂಕಿನವರು ಅದಕ್ಕಾಗಿ ಸರದಿಯಲ್ಲಿ ಕಾಯುತ್ತಾರೆ. ದಾಖಲೆಯಲ್ಲಿ ಸ್ವಲ್ಪ ಹೊತ್ತು ಖಾಲಿ ಬಂದರೂ ಮತ್ತೆ ಹಾಕಬೇಕು. ಮತ್ತೆ ಹಾಕಿದರೆ ಮುಂದಿನವರ ಸರದಿ ತಪ್ಪುತ್ತದೆ. ಸರದಿ ತಪ್ಪಿದವರು ಫೋನು ಮಾಡುವುದು ನನಗೆ. ಈ ಭಯದಿಂದ ರೋಗಿಗಳಿಗೆ ಕೊಡುವ ಸೂಚನೆಯ ಹಾಳೆಯನ್ನು ನಾನೇ ಖುದ್ದಾಗಿ ತಯಾರಿಸಿದ್ದೆನು. ಅದರ ಮೊದಲನೆಯ ಸೂಚನೆ: ‘ಯಂತ್ರವು ಯಾವುದೇ ಕಾರಣಕ್ಕೂ, ಯಾವುದೇ ಸಂದರ್ಭದಲ್ಲಿಯೂ, ಒಂದು ಕ್ಷಣವೂ ಖಾಲಿ ಇರತಕ್ಕದ್ದಲ್ಲ.’ ಎರಡನೆಯದು: ‘ಸ್ನಾನ ಮಾಡತಕ್ಕದ್ದಲ್ಲ.’ ಈ ಎರಡು ಸೂಚನೆಗಳ ನಡುವೆ ಸಿಕ್ಕಿಕೊಂಡ ಒಬ್ಬರಿಂದ ಏನೇನು ನಡೆಯಿತೆಂಬುದೇ ಈ ಬರಹದ ವಿಷಯವಾಗಿರುತ್ತದೆ.

ಅಂದು ಮಧ್ಯಾಹ್ನ ಬಂದವರು ತೊಣ್ಣೂರಿನ ಕಡೆಯ ಒಂದು ಹಳ್ಳಿಯ ಹಿರಿಯ ರೈತರು. ಕಬ್ಬು, ಭತ್ತ, ಹಟ್ಟಿ ತುಂಬ ಸೀಮೆಹಸು ಉಳ್ಳವರು. ಇವರನ್ನು ಮುಂದೆ ಯಜಮಾನರು ಎಂದು ಕರೆಯುತ್ತೇನೆ. ಜೊತೆಯಲ್ಲಿ ಅವರ ಮನೆಯವರೂ (ಧರ್ಮಪತ್ನಿಯವರು) ಇದ್ದರು. ಬಿಲ್ಲೆ ಹಿಡಿಯಲೆಂದು ನಾನು ಯಜಮಾನರ ಎದೆಯ ಕೂದಲನ್ನು ಅಲ್ಲಲ್ಲಿ ಕ್ಷೌರ ಮಾಡುತ್ತಾ, ರೂಢಿಯ ಪ್ರಶ್ನೆಗಳನ್ನು ಕೇಳತೊಡಗಿದೆನು.

“ಏನು ತೊಂದರೆ ಆಗುತ್ತೆ ಹೇಳಿ ಯಜಮಾನ್ರೇ.”

“ಸುಮ್ಕೆ ಕೂತಿರ್ತೀನಿ ಸಾ. ಎದೆ ಒಂದ್ ಚಣ ನಿಂತಂಗಾಯ್ತದೆ. ಆಮೇಲೆ ದಬಕ್ ಅಂತ ಒದೀತದೆ, ಒಳಗೆ ಕರ ಕಟ್ಟಾಕಿರಂಗೆ.”

“ತಲೆ ಸುತ್ತಿ ಬಿದ್ದಿದ್ದೀರಾ? ಕಣ್ಣಿಗೆ ಕತ್ತಲೆ ಬಂದಿದೆಯಾ?”

“ಅದೆಲ್ಲ ಇಲ್ಲ ಸಾ. ಬಿದ್ರೆ ನಾನ್ ಮತ್ತೆ ಎದ್ದೇನಾ.”

“ಕೆಲಸ ಮಾಡುವಾಗ ಆಗುತ್ತಾ, ಸುಮ್ಮನಿದ್ದಾಗಲಾ?”

ಇದಕ್ಕೆ ಅವರ ಮನೆಯವರು ಉತ್ತರಿಸಿದರು. “ಕೆಲ್ಸ ಮಾಡ್ದಾಗ ಏನಾಯ್ತದೆ ಅಂತ ನೋಡಾಕೆ ಕೆಲ್ಸ ಮಾಡ್ಬೇಕಲ್ಲಪ್ಪ. ಬೆಳಗಿಂದ ಬೈಗಂಟ ನಾಡಿ ಇಡ್ಕೊಂಡ್ ಕೂತಿರ್ತಾರೆ. ಕಾಪಿ ಲೋಟ ಕೊಟ್ರೆ ಮಾತ್ರ ಕೈ ಬುಡ್ತಾರೆ.”

ಎದೆ ಎಷ್ಟು ಜೋರಾಗಿ ಬಡಿದುಕೊಳ್ಳುತ್ತದೆ ಎನ್ನುವುದಕ್ಕಿಂತ ಬೇರೆ ಪ್ರಶ್ನೆಗಳ ಉತ್ತರ ಮುಖ್ಯವೆಂದು ನಮ್ಮ ಡಾಕ್ಟರು ಮೇಡಂ ನನಗೆ ಕಲಿಸಿದ್ದಾರೆ. ಪ್ರಜ್ಞೆ ತಪ್ಪಿತೆ, ಎದೆನೋವು ಬಂತೆ, ಉಸಿರು ಕಟ್ಟಿತೆ, ಮೈಮುರಿಯುವ ಕೆಲಸದ ನಡುವೆ ಬಂತೆ, ವಂಶದಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಹಠಾತ್ತನೆ ತೀರಿಕೊಂಡರೆ. ಇವುಗಳಲ್ಲಿ ಒಂದಕ್ಕೆ ಹೌದೆಂದರೂ ತಡಮಾಡುವಂತಿಲ್ಲ. ಯಜಮಾನರು ಎಲ್ಲದಕ್ಕೂ ಇಲ್ಲವೆಂದೇ ಹೇಳಿದರು, ಆದರೆ ಪ್ರತಿಯೊಂದು ಇಲ್ಲವನ್ನೂ ಬಹಳ ಸಂಕಟದಿಂದ ಹೇಳಿದರು.

ವಯರುಗಳನ್ನು ಸಿಕ್ಕಿಸುವಾಗ ಅವರ ಮನೆಯವರು ಬಗ್ಗಿ ನೋಡಿದರು. ಕೆಂಪು ಬಲಕ್ಕೆ, ಹಳದಿ ಎಡಕ್ಕೆ, ಹಸಿರು ಕೆಳಕ್ಕೆ ಎಂದು ವಿವರಿಸಿದೆನು. ಬೆವರಿಗೆ ಬಿಲ್ಲೆ ಕಿತ್ತುಬಂದರೆ ಇರಲೆಂದು ಒಂದಷ್ಟು ಹೊಸ ಬಿಲ್ಲೆಗಳನ್ನು ಅವರ ಕೈಗೆ ಕೊಟ್ಟೆನು. ವಯರು ಕಳಚಿದರೆ ಯಂತ್ರ ಕೀಂ ಕೀಂ ಎಂದು ಕೂಗುವುದೆಂದೂ, ಎದೆಯಲ್ಲಿ ಏನಾದರೂ ಅನ್ನಿಸಿದ ಕೂಡಲೇ ಅದರ ಗುಂಡಿಯನ್ನು ಒತ್ತಬೇಕೆಂದೂ, ಒತ್ತಿದರೆ ಆ ಹೊತ್ತಿನ ದಾಖಲೆಯ ಮೇಲೆ ಗುರುತು ಬೀಳುವುದೆಂದೂ ತಿಳಿಸಿದೆನು. ಯಜಮಾನರು ಆಗಲೇ ಒಂದು ಸಲ ಒತ್ತಿದರು.

“ನಾಳೆ ಹಿರೀಕ್ರುಗೆ ಎಡೆ ಮಡಗ್ಬೇಕು ಸಾ,” ಎಂದು ಹೊರಡುವಾಗ ಕೇಳಿದರು. “ತಲೆಗೆ ನೀರ್ ಉಯ್ಕಳ್ದೆ ಎಂಗ್ ಮಡಗದು?”

ನಾನು ಸೂಚನೆಯ ಹಾಳೆಯನ್ನು ಬೆರಳಿನಿಂದ ತೋರಿಸಿದೆನು. ಅವರು ಮೊದಲನೆಯದನ್ನು ಓದಿದರು, ಎರಡನೆಯದನ್ನು ಓದಿದರು, ಮತ್ತೆ ಮೊದಲನೆಯದಕ್ಕೆ ಹೋದರು. ಆಮೇಲೆ ಹಾಳೆಯನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು, “ಆಯ್ತು ಬುಡಿ,” ಎಂದರು. ಆ ‘ಆಯ್ತು ಬುಡಿ’ಯ ಬಗ್ಗೆ ನಾನು ಆಗಲೇ ವಿಚಾರಿಸಬೇಕಾಗಿತ್ತು.

ಮರುದಿನ ಮಧ್ಯಾಹ್ನ ದಂಪತಿಗಳು ಹೇಳಿದ ಹೊತ್ತಿಗೆ ಸರಿಯಾಗಿ ಹಾಜರಾದರು. ಯಜಮಾನರ ಹಣೆಯಲ್ಲಿ ವಿಭೂತಿ ಇತ್ತು. ತಲೆ ಅನುಮಾನಾಸ್ಪದವಾಗಿ ನುಣ್ಣಗೆ ಬಾಚಿತ್ತು. ಅವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ದಾಖಲೆಯನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಪರಿಶೀಲನೆಗೆ ಕೂತೆನು.

ಗುಂಡಿಯ ಗುರುತುಗಳು ಭತ್ತದ ಒಟ್ಲುಪಾತಿಯ ಸಸಿಗಳಂತೆ ದಟ್ಟವಾಗಿದ್ದವು. ಒಂದೊಂದನ್ನೂ ತೆರೆದು ನೋಡಿದೆನು. ಹೆಚ್ಚಿನ ಗುರುತುಗಳ ಕೆಳಗೆ ಏನೂ ಇರಲಿಲ್ಲ, ಹೃದಯ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಕೆಲವುಗಳ ಕೆಳಗೆ ಒಂಟಿ ಬಡಿತವೊಂದು ಸರದಿಗೆ ಮುಂಚೆಯೇ ನುಗ್ಗಿತ್ತು. ಹಾಗೆ ನುಗ್ಗಿದ ಮೇಲೆ ಹೃದಯ ಒಂದು ಗಳಿಗೆ ಸುಧಾರಿಸಿಕೊಳ್ಳುತ್ತದೆ. ಆ ಬಿಡುವಿನಲ್ಲಿ ರಕ್ತ ಹೆಚ್ಚು ತುಂಬಿಕೊಂಡು ಮುಂದಿನ ಬಡಿತ ಜೋರಾಗಿ ಬೀಳುತ್ತದೆ. ಯಜಮಾನರು ಹೇಳಿದ ‘ನಿಂತಂಗಾಗಿ ದಬಕ್ ಅಂತ ಒದೆಯುವುದು’ ಇದೇ. ಉಳಿದಂತೆ ಆರೋಗ್ಯವಾಗಿರುವ ಹೃದಯದಲ್ಲಿ ಅಲ್ಲೊಂದು ಇಲ್ಲೊಂದು ಹೀಗೆ ಬರುವುದು ಬಹುಮಂದಿಗೆ ಉಂಟು. ಗೊತ್ತಾಗದವರು ನೆಮ್ಮದಿಯಿಂದಿರುತ್ತಾರೆ. ಗೊತ್ತಾದವರು ನಮ್ಮ ಬೆಂಚಿನ ಮೇಲೆ ಕೂತಿರುತ್ತಾರೆ. ವರದಿ ಬರೆದು ಮುಗಿಸುವ ಉತ್ಸಾಹದಲ್ಲಿ ನಾನು ಆ ದಿನ ಬೆಳಗಿನ ಭಾಗಕ್ಕೆ ಬಂದೆನು.

ಅಲ್ಲಿ ಕಂಪ್ಯೂಟರು ಕೆಂಪು ಗುರುತು ಹಾಕಿತ್ತು. ಸುಮಾರು ಐದು ಸೆಕೆಂಡು, ಹೃದಯದ ಬಡಿತವಿಲ್ಲ.

ಗಾಬರಿಯಾಗಬಾರದೆಂಬುದು ನಿಯಮ. ಬಡಿತ ಕಾಣದಿದ್ದರೆ ನೂರಕ್ಕೆ ತೊಂಬತ್ತು ಪಾಲು ವಯರು ಸಡಿಲವಾಗಿರುತ್ತದೆ. ಹಾಗಾಗಿದ್ದರೆ ಗೆರೆ ಸಪಾಟಾಗಿರಬೇಕು ಇಲ್ಲವೆ ಕಲಸಿಹೋಗಿರಬೇಕು. ಇಲ್ಲಿ ಎರಡೂ ಆಗಿರಲಿಲ್ಲ. ಒಂದು ಬಡಿತದಲ್ಲಿ ಮೊದಲು ಒಂದು ಸಣ್ಣ ಅಲೆ, ಹಿಂದೆಯೇ ಒಂದು ಎತ್ತರದ ಕಂಬ ಬರಬೇಕು. ಸಣ್ಣ ಅಲೆ ಎಂದರೆ ಹೃದಯದ ಮೇಲಿನ ಕೋಣೆಯಿಂದ ಹೊರಟ ಆದೇಶ. ಕಂಬ ಎಂದರೆ ಕೆಳಗಿನ ಕೋಣೆ ಅದನ್ನು ಪಾಲಿಸಿ ರಕ್ತವನ್ನು ತಳ್ಳಿದ್ದು. ಈ ಐದು ಸೆಕೆಂಡಿನಲ್ಲಿ ಸಣ್ಣ ಅಲೆಗಳು ಒಂದರ ಹಿಂದೊಂದು ಶಿಸ್ತಾಗಿ ಬರುತ್ತಲೇ ಇದ್ದವು. ಕಂಬ ಮಾತ್ರ ಒಂದೂ ಇಲ್ಲ. ಆದೇಶಗಳು ಹೊರಡುತ್ತಿವೆ, ತಲುಪುತ್ತಿಲ್ಲ. ಕಚೇರಿ ಕಾಗದದಲ್ಲಿ ಇದು ಎಲ್ಲೆಡೆ ನಡೆಯುವಂಥದ್ದು. ಹೃದಯದಲ್ಲಿ ನಡೆದರೆ ಮನುಷ್ಯ ಬೀಳುತ್ತಾನೆ. ಸ್ವಲ್ಪ ಮುಂದೆ ಅಂಥದ್ದೇ ಇನ್ನೊಂದಿತ್ತು.

ನಾನು ಎದ್ದು ನೀರು ಕುಡಿದು ಬಂದೆನು. ನಂತರ ಮೈಸೂರಿನಲ್ಲಿದ್ದ ಡಾಕ್ಟರು ಮೇಡಂ ಅವರಿಗೆ ಆ ಭಾಗದ ಚಿತ್ರಗಳನ್ನು ಕಳಿಸಿದೆನು. ಕೂಡಲೇ ಫೋನು ಬಂತು.

“ಇದು ವಯರಿನ ತೊಂದರೆ ಅಲ್ಲ, ನಿಜವಾದದ್ದೇ. ಪೇಷೆಂಟ್ ಎಲ್ಲಿದ್ದಾರೆ?”

“ಹೊರಗಿದ್ದಾರೆ ಮೇಡಂ. ಕಾಫಿ ಕುಡಿಯುತ್ತಿದ್ದಾರೆ.”

“ಹೀಗೆ ಬಡಿತ ನಿಂತಾಗ ಏನು ಮಾಡ್ತಿದ್ರಂತೆ, ಕೇಳಿ.”

ಹೊರಗೆ ಹೋಗಿ ಕೇಳಿದೆನು. “ಆಗ ಪೂಜೇಲಿದ್ದೆ ಸಾ. ಎಡೆ ಮಡಗ್ತಿದ್ದೆ,” ಎಂದರು ಯಜಮಾನರು. ಒಳಗೆ ಬಂದು ವರದಿ ಒಪ್ಪಿಸಿದೆನು. ಮೇಡಂ ಚಿತ್ರಗಳನ್ನು ಮತ್ತೊಮ್ಮೆ ನೋಡಿ ಕೇಳಿದರು.

“ಪೂಜೆಯಲ್ಲಿ ಇಷ್ಟು ಅಲುಗಾಟ ಯಾಕಿದೆ?”

ಮತ್ತೆ ನೋಡಿದೆನು. ಗೆರೆಯುದ್ದಕ್ಕೂ ಒಂದೇ ಸಮನೆ ಸಣ್ಣ ನಡುಕವಿತ್ತು. ಹಿಂದೆ ಕೆ.ಆರ್.ಪೇಟೆಯ ಹಾಲಿನ ವ್ಯಾನಿನ ಡ್ರೈವರೊಬ್ಬರ ದಾಖಲೆಯಲ್ಲಿ ನಾನು ಅಂಥದ್ದನ್ನು ಕಂಡಿದ್ದೆನು. ಅದು ಎಂಜಿನ್ನಿನ ನಡುಕ. ಹಿರಿಯರ ಪೂಜೆಯನ್ನು ಎಂಜಿನ್ನಿನ ಮೇಲೆ ಕೂತು ಮಾಡುವ ಪದ್ಧತಿ ನಮ್ಮ ಸೀಮೆಯಲ್ಲಿಲ್ಲ.

“ಇನ್ನೊಂದು ನೋಡಿ,” ಎಂದರು ಮೇಡಂ. “ಆ ಒಂದು ಗಂಟೆ ಕಂಬಗಳು ತಲೆಕೆಳಗಾಗಿವೆ. ಅದು ಎಡಬಲದ ವಯರು ಅದಲುಬದಲಾದರೂ ಆಗುತ್ತೆ. ಆದರೆ ಅಗಲವೂ ಆಗಿವೆ. ವಯರು ಬದಲಾದರೆ ಅಗಲ ಆಗಲ್ಲ. ಆಮೇಲೆ ಮತ್ತೆ ಮೊದಲಿನ ಹಾಗೇ ಸಣ್ಣಗಾಗಿವೆ. ಮತ್ತೆ ಆ ಒಂದು ಗಂಟೆಯಲ್ಲಿ ನಿಮ್ಮ ಪೇಷೆಂಟು ಎಷ್ಟು ಸಲ ಗುಂಡಿ ಒತ್ತಿದ್ದಾರೆ?”

ಒಂದು ಸಲವೂ ಇಲ್ಲ. ಕಾಫಿ ಬಿಸಿಯಾಗಿದ್ದರೂ ಗುಂಡಿ ಒತ್ತುವ ವ್ಯಕ್ತಿ, ಹೃದಯ ನಿಂತಾಗ ಒತ್ತಿರಲಿಲ್ಲ.

“ಬಹುಶಃ ಅದು ಇವರ ಹೃದಯವೇ ಅಲ್ಲ,” ಎಂದರು. “ವಿಚಾರಿಸಿ. ಇವರದ್ದೇ ಆದರೆ ಈಗಲೇ ಇಲ್ಲಿಗೆ ಕಳಿಸಿ. ಇವರದ್ದಲ್ಲದಿದ್ದರೆ ಯಾರದ್ದೋ ಅವರನ್ನ ಹುಡುಕಿ ಕಳಿಸಿ. ಯಾರೇ ಆದರೂ ಸಂಜೆಯೊಳಗೆ ನನ್ನ ಮುಂದಿರಬೇಕು. ಮುಂದಿನ ಸಲ ಐದು ಸೆಕೆಂಡಿಗೆ ಮುಗಿಯುತ್ತೆ ಅಂತ ಹೇಳೋಕಾಗಲ್ಲ.”

ಹೊರಗೆ ಬರುವಷ್ಟರಲ್ಲಿ ಪರಿಸ್ಥಿತಿ ಕೈಮೀರಿತ್ತು. ಫೋನಿನಲ್ಲಿ ನಾನು ಉಚ್ಚರಿಸಿದ ‘ಮೈಸೂರು’ ಎಂಬ ಶಬ್ದ ಬಾಗಿಲಿನಿಂದ ಹೊರಗೆ ಬಿದ್ದದ್ದೇ ತಡ, ಯಜಮಾನರು ಊರಿಗೆ ಫೋನು ಮಾಡಿ, ತಮ್ಮ ಅಣ್ಣನ ಮಗನಿಗೆ ಹೇಳಿ ಆಂಬುಲೆನ್ಸು ಗೊತ್ತುಮಾಡಿಸಿ, ಬೆಂಚಿನ ಮೇಲೆ ಉದ್ದಕ್ಕೆ ಮಲಗಿದ್ದರು. ಮುಖದಲ್ಲಿ ಭಯವೂ ಇತ್ತು, ಗೆದ್ದವರ ಕಳೆಯೂ ಇತ್ತು.

“ನಾನ್ ಏಳ್ಲಿಲ್ವಾ ಸಾ? ಒಬ್ಬರಾದ್ರೂ ನಂಬುದ್ರಾ?”

“ತಾವು ಯಂತ್ರವನ್ನು ಮಧ್ಯದಲ್ಲಿ ತೆಗೆದಿದ್ದಿರಾ?” ಎಂದು ಕೇಳಿದೆನು.

“ಯಂತ್ರ ಒಂದ್ ಚಣಾನೂ ಖಾಲಿ ಇರ್ಲಿಲ್ಲ ಸಾ. ನಮ್ಮಪ್ಪನಾಣೆ.”

“ಅಂಗಂದ್ರೆ,” ಎಂದರು ಅವರ ಮನೆಯವರು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ. “ಯಂತ್ರ ಖಾಲಿ ಇರ್ಲಿಲ್ಲ ಕಣಪ್ಪ. ಇವ್ರು ಖಾಲಿ ಇದ್ರು.”

ಆ ಬಳಿಕ ಸತ್ಯಾಂಶ ಹೊರಬಂತು. ನಮ್ಮ ಕಡೆ ಒಂದು ದಿನ ನಿಮ್ಮ ಗದ್ದೆಯ ಕೆಲಸಕ್ಕೆ ನಾನು ಬಂದರೆ, ಇನ್ನೊಂದು ದಿನ ನನ್ನ ಗದ್ದೆಗೆ ನೀವು ಬರುತ್ತೀರಿ. ಇದಕ್ಕೆ ಮುಯ್ಯಿ ಎನ್ನುತ್ತಾರೆ. ಯಜಮಾನರಿಗೂ ಅವರ ಪಕ್ಕದ ಜಮೀನಿನವರಿಗೂ ಚಿಕ್ಕಂದಿನಿಂದ ಮುಯ್ಯಿ ನಡೆದುಬಂದಿತ್ತು, ಮತ್ತು ಪಕ್ಕದವರು ಒಂದು ದಿನದ ಮುಯ್ಯಿ ತೀರಿಸುವುದಿತ್ತು. ಸ್ನಾನ ಮಾಡದೆ ಎಡೆಯಿಡುವಂತಿಲ್ಲ, ಮಾಡಿದರೆ ಯಂತ್ರ ಖಾಲಿ ಇರುತ್ತದೆ. ಕಳಚಿದ ಕೂಡಲೇ ಅದು ಕೂಗತೊಡಗಿತು. ಯಜಮಾನರು ಬೇಲಿಯಾಚೆಗೆ ಕೂಗಿ ಪಕ್ಕದವರನ್ನು ಮುಯ್ಯಾಳಾಗಿ ಕರೆದು, ಜಗಲಿಯ ಮೇಲೆ ಎದುರಿಗೆ ಕೂರಿಸಿಕೊಂಡು, ಹೊಸ ಬಿಲ್ಲೆಗಳನ್ನು ಅಂಟಿಸಿ ಯಂತ್ರ ತೊಡಿಸಿದ್ದರು. ಎದುರಿಗೆ ಕೂತವರ ಎಡವು ತಮ್ಮ ಬಲಕ್ಕೆ ಬರುವುದಾದ್ದರಿಂದ ಕೆಂಪು ಹಳದಿಯ ಜಾಗಕ್ಕೂ ಹಳದಿ ಕೆಂಪಿನ ಜಾಗಕ್ಕೂ ಹೋಗಿದ್ದವು. ಯಜಮಾನರು ಎಡೆಯಿಟ್ಟು ಮುಗಿಸುವವರೆಗೆ ಯಂತ್ರ ಅವರ ಪರವಾಗಿ ಪಕ್ಕದವರ ಕೊರಳಲ್ಲಿ ಕರ್ತವ್ಯ ನಿರ್ವಹಿಸಿತ್ತು. ನನ್ನ ಎರಡು ಸೂಚನೆಗಳಲ್ಲಿ ಮೊದಲನೆಯದನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನು ಹಿಂದೆಯೂ ಕಂಡಿಲ್ಲ, ಮುಂದೆಯೂ ಕಾಣಲಾರೆ.

“ಆ ಪಕ್ಕದವರು ಈಗೆಲ್ಲಿದ್ದಾರೆ?”

“ಕಬ್ಬು ತುಂಬ್ತಾವ್ನೆ. ಟ್ರಾಕ್ಟರಲ್ಲಿ ನಾಲೆ ಏರಿ ಮ್ಯಾಲೆ ಆಲೆಮನೆಗೆ ಒಡೀತಾನೆ, ಬೈಗಂಟ.”

ನಾವು ಮಾಡಿದ ಯಾವ ಫೋನನ್ನೂ ಪಕ್ಕದವರು ಎತ್ತಲಿಲ್ಲ. ಬ್ಯಾಟರಿಯ ಇ.ಸಿ.ಜಿ. ಯಂತ್ರವನ್ನು ಹೆಗಲಿಗೆ ಹಾಕಿಕೊಂಡು, ಯಜಮಾನರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆನು. ಅವರ ಮನೆಯವರು ಆಟೋ ಹಿಡಿದರು. ದಾರಿಯುದ್ದಕ್ಕೂ ಯಜಮಾನರು ನಾಡಿ ಹಿಡಿದುಕೊಂಡಿದ್ದು, ಊರು ಸಮೀಪಿಸಿದಾಗ ನನ್ನ ಕಿವಿಯ ಹತ್ತಿರ ಬಗ್ಗಿದರು.

“ಅಂಗಾರೆ ನಂದೇನೂ ಇಲ್ವಾ ಸಾ?”

“ತಮ್ಮದು ಕೆಲವು ಒಂಟಿ ಬಡಿತಗಳು, ಅಷ್ಟೇ. ಕಾಫಿ ಜಾಸ್ತಿಯಾದರೂ ಬರುತ್ತವೆ. ಅಪಾಯವಿಲ್ಲ.”

“ಸರ್ಯಾಗ್ ನೋಡುದ್ರಾ?”

ನಾಲೆಯ ಏರಿಯ ಮೇಲೆ ಟ್ರ್ಯಾಕ್ಟರು ಕಬ್ಬು ಹೇರಿಕೊಂಡು ಹೊರಡಲು ಸಿದ್ಧವಾಗಿತ್ತು. ಎಂಜಿನ್ನು ಗುಡುಗುತ್ತಿತ್ತು. ಸೀಟಿನ ಮೇಲೆ ಯಜಮಾನರ ವಯಸ್ಸಿನವರೇ ಆದ, ಅವರಿಗಿಂತ ಗಟ್ಟಿಮುಟ್ಟಾದ ವ್ಯಕ್ತಿ ತಲೆಗೆ ಟವೆಲ್ಲು ಸುತ್ತಿ ಕೂತಿದ್ದರು. ಕಬ್ಬು ಕಡಿಯುವವರು ನಾಲ್ಕೈದು ಜನ ಸುತ್ತ ನಿಂತಿದ್ದರು. ನಾನು ಬೈಕನ್ನು ಟ್ರ್ಯಾಕ್ಟರಿನ ಮುಂದೆ ಅಡ್ಡಲಾಗಿ ನಿಲ್ಲಿಸಿದೆನು.

“ಏನ್ಲಾ,” ಎಂದರು ಪಕ್ಕದವರು ಯಜಮಾನರನ್ನು ನೋಡಿ. “ಮೈಸೂರಿಗೆ ಒಂಟೋದೆ, ಮುಗೀತು ಕತೆ ಅಂತ ಊರೆಲ್ಲ ಸುದ್ದಿ. ಎದ್ ಬಂದ್ಬುಟ್ಟಾ?”

ನಾನು ವಿಷಯವನ್ನು ಸಾಧ್ಯವಾದಷ್ಟು ಕ್ರಮಬದ್ಧವಾಗಿ ನಿವೇದಿಸಿದೆನು. ಪಕ್ಕದವರು ಪೂರ್ತಿ ಕೇಳಿ ನಕ್ಕರು.

“ನಂದಾ? ನಾನ್ ಕಲ್ಲಿದ್ದಂಗಿವ್ನಿ ಸಾ. ಅದು ಇವನ್ದೇ, ಯಂತ್ರಕ್ಕೆ ಅಂಟ್ಕೊಂಡಿರ್ಬೇಕು.”

“ಬೆಳಿಗ್ಗೆ ಯಂತ್ರ ಆಕ್ಕೊಂಡು ಕೂತಿರು ಅಂದ್ರೆ ಟ್ರಾಕ್ಟರ್ ಯಾಕ್ಲಾ ಅತ್ತಿದ್ದೆ?” ಎಂದು ಯಜಮಾನರು ಕೇಳಿದರು.

“ಕೂತಿರು ಅಂದೆ. ಎಲ್ಲಿ ಕೂತಿರು ಅಂತ ಏಳಿದ್ಯಾ? ಟ್ರಾಕ್ಟರ್ ಮ್ಯಾಲೆ ಕೂತಿದ್ದೆ.” ನಂತರ ನನ್ನ ಕಡೆ ತಿರುಗಿ, “ಗಾಡಿ ತೆಗೀರಿ ಸಾ. ಈ ಲೋಡ್ ಆಕ್ಬುಟ್ ಬತ್ತೀನಿ. ಆಮೇಲೆ ಎಲ್ಲಿಗ್ ಬೇಕಾದ್ರೂ ಬತ್ತೀನಿ.”

ನಾಲೆಯಲ್ಲಿ ನೀರು ದಂಡೆಯ ಮಟ್ಟಕ್ಕೆ ಹರಿಯುತ್ತಿತ್ತು. ಏರಿ ಒಂದು ಟ್ರ್ಯಾಕ್ಟರಿಗೆ ಸರಿಯಾಗುವಷ್ಟೇ ಅಗಲ. ಇವರು ಕಣ್ಣು ಮಬ್ಬಾಗಿ ಐದು ಸೆಕೆಂಡು ಸ್ಟೇರಿಂಗಿನ ಮೇಲೆ ಒರಗಿದರೆ ಟ್ರೈಲರ್ ಎಲ್ಲಿಗೆ ಹೋಗುವುದೆಂದು ಹೇಳಲು ಡಾಕ್ಟರೇ ಬೇಕಾಗಿರಲಿಲ್ಲ. ಒಬ್ಬ ತಂತ್ರಜ್ಞನಿಗೆ ಯಾರನ್ನೂ ಟ್ರ್ಯಾಕ್ಟರಿನಿಂದ ಇಳಿಸುವ ಅಧಿಕಾರವಿಲ್ಲ. ಇದನ್ನು ನಾನು ಚೆನ್ನಾಗಿ ಬಲ್ಲೆನು. ಮೇಲಿನವರನ್ನು ಕೇಳದೆ ಕಿಟಕಿಯ ಪರದೆಯನ್ನೂ ಬದಲಿಸಿದವನಲ್ಲ. ಆದರೂ ಪಕ್ಕದವರು ಗೇರಿಗೆ ಕೈ ಹಾಕಿದಾಗ ನಾನು ಮೆಟ್ಟಿಲು ಹತ್ತಿ, ಎಂಜಿನ್ನನ್ನು ಆರಿಸಿ, ಕೀಲಿಯನ್ನು ನನ್ನ ವಶಕ್ಕೆ ತೆಗೆದುಕೊಂಡು ಪ್ಯಾಂಟಿನ ಜೇಬಿನಲ್ಲಿ ಹಾಕಿಕೊಂಡೆನು.

ಪಕ್ಕದವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ಯಾರ್ಲಾ ಇವ್ನು?” ಎಂದರು ಪಕ್ಕದವರು. “ಫೈನಾನ್ಸ್‌ನೋನಾ?”

ಕಬ್ಬು ಕಡಿಯುವವರು ಮಚ್ಚು ಹಿಡಿದೇ ಹತ್ತಿರ ಬಂದರು. ಕೀಲಿ ಕಿತ್ತುಕೊಳ್ಳುವವರನ್ನು ಅವರು ಹಿಂದೆಯೂ ಕಂಡಿದ್ದರು, ಆದರೆ ಕೊರಳಲ್ಲಿ ಇ.ಸಿ.ಜಿ. ವಯರು ನೇತುಹಾಕಿಕೊಂಡು ಬಂದವರನ್ನು ಕಂಡಿರಲಿಲ್ಲ. ನನ್ನ ನಾಡಿ ಆಗ ಎಷ್ಟಿತ್ತೆಂದು ದಾಖಲಾಗಿರುವುದಿಲ್ಲ. ನಾನು ಕೇಳಬೇಕಾದ ಪ್ರಶ್ನೆ ಒಂದೇ ಉಳಿದಿತ್ತು. ಕೇಳಿದೆನು.

“ನಿಮಗೆ ಕಣ್ಣು ಕತ್ತಲೆ ಬರುತ್ತಾ?”

ಪಕ್ಕದವರು ಸುತ್ತ ನಿಂತವರನ್ನು ನೋಡಿದರು, ಟವೆಲ್ಲು ಬಿಚ್ಚಿ ಮತ್ತೆ ಸುತ್ತಿಕೊಂಡರು.

“ಬಿಸ್ಲಿಗೆ ಯಾರ್ಗಾದ್ರೂ ಬತ್ತದೆ,” ಎಂದರು ತಗ್ಗಿದ ದನಿಯಲ್ಲಿ. “ಮೊನ್ನೆ ಬದಿನ್ ಮ್ಯಾಲೆ ಕೂತ್ಕಬುಟ್ಟಿದ್ದೆ. ಎಷ್ಟೊತ್ತು ಕೂತಿದ್ದೆ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಟ್ರಾಕ್ಟರ್ ಮ್ಯಾಲೆ ಒಂದ್ ಚಣ ಮಬ್ಬಾಯ್ತು. ಇವನ ಮನೆ ವಡೆ ಎಣ್ಣೆ ವಾಸ್ನೆ, ಪಿತ್ತ ಅನ್ಕೊಂಡೆ.”

“ಎದೆ ಬಡಿದುಕೊಂಡಿತಾ?”

“ಎದೆ ಗಿದೆ ಏನಿಲ್ಲ. ಅದೆಲ್ಲ ಇವನ್ದು.”

ಬಡಿದುಕೊಳ್ಳುವ ಎದೆಯನ್ನು ಹೊತ್ತು ನಮ್ಮ ಬೆಂಚಿಗೆ ಬರುವವರು ಬಹಳ. ಕಣ್ಣು ಕತ್ತಲೆಯನ್ನು ಬಿಸಿಲಿನ ಲೆಕ್ಕಕ್ಕೆ ಬರೆದು ಬದುವಿನ ಮೇಲೆ ಕೂರುವವರು ಬರುವುದಿಲ್ಲ. ಯಂತ್ರವೇ ಅವರಲ್ಲಿಗೆ ಹೋಗಬೇಕಾಯಿತು.

ಕಬ್ಬಿನ ಸೋಗೆಯ ರಾಶಿಯ ಮೇಲೆ ಟವೆಲ್ಲು ಹಾಸಿ ಪಕ್ಕದವರನ್ನು ಮಲಗಿಸಿ, ಉಪಸ್ಥಿತರೆಲ್ಲರ ಸಮಕ್ಷಮದಲ್ಲಿ ಇ.ಸಿ.ಜಿ. ತೆಗೆಯಲಾಯಿತು. ಸೋಗೆ ಬೆನ್ನಿಗೆ ಚುಚ್ಚಿ ಅವರು ಮಿಸುಕಿದ್ದರಿಂದ ಎರಡು ಸಲ ಮತ್ತೆ ತೆಗೆಯಬೇಕಾಯಿತು. ಮೂರನೆಯ ಕಾಗದ ಸ್ಪಷ್ಟವಾಗಿ ಬಂತು. ಅಗಲವಾದ ಕಂಬಗಳು, ಮತ್ತು ಎರಡು ಸಣ್ಣ ಅಲೆಗೆ ಒಂದೇ ಕಂಬ. ಆದೇಶಗಳಲ್ಲಿ ಅರ್ಧಕ್ಕರ್ಧ ತಲುಪುತ್ತಿರಲಿಲ್ಲ. ಫೋಟೋ ತೆಗೆದು ಕಳಿಸಿದೆನು.

“ಇವರೇ,” ಎಂದರು ಮೇಡಂ. “ಆಂಬುಲೆನ್ಸಲ್ಲೇ ಕಳಿಸಿ. ಬೈಕು ಬೇಡ, ಅವರು ಏನನ್ನೂ ಓಡಿಸಬಾರದು, ಒಬ್ಬರೇ ಇರಲೂಬಾರದು. ಪೇಸ್‌ಮೇಕರ್ ಬೇಕಾಗುತ್ತೆ. ನಾನಿಲ್ಲೇ ಇರ್ತೀನಿ.”

ಪಕ್ಕದವರು ಎದ್ದು ಕೂತು ಸೋಗೆ ಕೊಡವಿಕೊಂಡರು. “ಲೋಡ್ ಅಂಗೇ ಬುಟ್ಟು ಎಂಗ್ ಬರ್ಲಿ? ಒಣಗಿದ್ರೆ ರಸ ಓಯ್ತದೆ. ಬೆಳಿಗ್ಗೆ ನೋಡಮಾ.”

“ಲೋಡ್ ನಾನ್ ಒಡೀತೀನಿ,” ಎಂದರು ಯಜಮಾನರು.

“ನೀನಾ? ಎದೆ ಇಡ್ಕೊಂಡ್ ಸಾಯ್ತಿರೋನು ನೀನು.”

ಯಜಮಾನರು ಸುತ್ತ ನೋಡಿದರು. ಊರಿನ ಅರ್ಧ ಜನ ಅಲ್ಲಿ ಸೇರಿದ್ದರು, ಮತ್ತು ಅವರೆಲ್ಲರ ಮನೆಯ ಜಗಲಿಯಲ್ಲೂ ಯಜಮಾನರು ತಮ್ಮ ಎದೆಯ ವಿಷಯ ಹೇಳಿದ್ದರು. ಹೀಗೆ ಕೂಡಿಸಿಟ್ಟ ಕಾಯಿಲೆಯನ್ನು ಅಷ್ಟು ಜನರ ಮುಂದೆ ಬಿಟ್ಟುಕೊಡುವುದು ಸುಲಭವಿರಲಿಲ್ಲ.

“ನಂದು ಬರೀ ಕಾಪಿ ಕಣ್ಲಾ,” ಎಂದರು.

“ಏನಂದೆ?”

“ನಂದು ಬರೀ ಕಾಪಿ. ಯಂತ್ರ ನೋಡ್ಬುಟ್ಟದೆ. ಕಾಯ್ಲೆ ನಿಂದು. ಎದ್ದೋಗು.”

ಪಕ್ಕದವರು ಬಹಳ ಹೊತ್ತು ಯಜಮಾನರ ಮುಖವನ್ನೇ ನೋಡಿದರು. ನನ್ನ ಕಾಗದವನ್ನು ನಂಬದವರು ಇದನ್ನು ನಂಬಿದರು. ಆ ಮುಖದಿಂದ ಆ ಮಾತು ಸುಮ್ಮನೆ ಬರುವಂಥದ್ದಲ್ಲವೆಂಬುದು ಅವರಿಗೆ ಗೊತ್ತಿತ್ತು. ಅಷ್ಟು ಹೊತ್ತಿಗೆ ಯಜಮಾನರು ತಮಗಾಗಿ ಗೊತ್ತುಮಾಡಿಸಿದ್ದ ಆಂಬುಲೆನ್ಸು ಪಾಂಡವಪುರದಲ್ಲಿ ರೋಗಿಯನ್ನು ಕಾಣದೆ, ಆಟೋದಲ್ಲಿದ್ದ ಅವರ ಮನೆಯವರ ಫೋನಿನ ಆಣತಿಯಂತೆ ಏರಿಯ ಬುಡಕ್ಕೆ ಬಂದು ನಿಂತಿತು. ಪಕ್ಕದವರು ತಾವೇ ನಡೆದು ಹತ್ತುತ್ತೇನೆಂದರು. ನಡೆಯಗೊಡದೆ ಹೊತ್ತೊಯ್ಯಲಾಯಿತು. ನಾನು ಕೀಲಿಯನ್ನು ಯಜಮಾನರಿಗೆ ಹಸ್ತಾಂತರಿಸಿ ಆಂಬುಲೆನ್ಸಿನಲ್ಲಿ ಜೊತೆಗೆ ಹೋದೆನು. ಹಿಂದಿನ ಕಿಟಕಿಯಿಂದ ನೋಡಿದಾಗ ಕಬ್ಬಿನ ಲೋಡು ಏರಿಯ ಮೇಲೆ ಅತಿ ನಿಧಾನವಾಗಿ ಸಾಗುತ್ತಿತ್ತು. ಸೀಟಿನಲ್ಲಿದ್ದವರ ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು. ಯಜಮಾನರು ತಮ್ಮ ನಾಡಿ ಹಿಡಿಯದೆ ಇದ್ದುದನ್ನು ನಾನು ಕಂಡದ್ದು ಅದೇ ಮೊದಲು.

ಬಾಬುರಾಯನಕೊಪ್ಪಲಿನ ಹತ್ತಿರ, ನಮ್ಮ ಮನೆಯ ದಾರಿ ದಾಟುವಾಗ, ಪಕ್ಕದವರು ಮಾತಿನ ನಡುವೆ ಸುಮ್ಮನಾದರು. ಕಣ್ಣು ಮೇಲಾಯಿತು. ಕೈ ಹಿಡಿದು ಕೂಗಿದೆನು. ಆಂಬುಲೆನ್ಸಿನ ಸಹಾಯಕ ಎದೆ ಒತ್ತಲು ಕೈಯಿಡುವಷ್ಟರಲ್ಲಿ ಅವರೇ ಕಣ್ಣು ಬಿಟ್ಟು, “ಎಲ್ಲಿಗ್ ಬಂದೋ ಸಾ?” ಎಂದು ಕೇಳಿದರು. ಅವರೇ ಲೋಡು ಹೊಡೆದಿದ್ದರೆ ಆ ಹೊತ್ತಿಗೆ ಟ್ರ್ಯಾಕ್ಟರು ಏರಿಯ ಮಧ್ಯದಲ್ಲಿರುತ್ತಿತ್ತೆಂಬುದನ್ನು ನಾನು ಅವರಿಗೆ ಹೇಳಲಿಲ್ಲ. ಅಂದೇ ಅವರಿಗೆ ತಾತ್ಕಾಲಿಕ ಯಂತ್ರವನ್ನೂ, ಮರುದಿನ, ಆದೇಶವನ್ನು ಕೆಳಗಿನ ಕೋಣೆಗೆ ತಲುಪಿಸುವ ಕಾಯಂ ಪೇಸ್‌ಮೇಕರನ್ನೂ ಅಳವಡಿಸಲಾಯಿತು.

ಯಜಮಾನರ ವರದಿಯನ್ನು ಮೇಡಂ ಅವರೇ ಪಾಂಡವಪುರಕ್ಕೆ ತಾವು ಬರುವ ದಿನ ವಿವರಿಸಿದರು. ಕಾಫಿ ಕಮ್ಮಿ ಮಾಡಿ, ಚೆನ್ನಾಗಿ ನಿದ್ದೆ ಮಾಡಿ, ನಾಡಿಯನ್ನು ಅದರ ಪಾಡಿಗೆ ಬಿಡಿ ಎಂದರು. ತಲೆ ಸುತ್ತಿ ಬಿದ್ದರೆ, ಎದೆ ನೋವು ಬಂದರೆ, ಉಸಿರು ಕಟ್ಟಿದರೆ, ಅಥವಾ ಎದೆ ಓಡತೊಡಗಿ ನಿಲ್ಲದೇ ಹೋದರೆ ಕೂಡಲೇ ಬರಬೇಕೆಂದರು.

“ಅದ್ಯಾವ್ದೂ ಆಗ್ಲಿಲ್ಲ ಅಂದ್ರೆ ಮೇಡಂ?”

“ಬರಬೇಡಿ.”

ನಾನು ಸೂಚನೆಯ ಹಾಳೆಯನ್ನು ಪರಿಷ್ಕರಿಸಿದ್ದೇನೆ. ಮೊದಲನೆಯ ಸೂಚನೆ ಈಗ ಹೀಗಿದೆ: ‘ಯಂತ್ರವನ್ನು ಯಾರಿಗೆ ತೊಡಿಸಲಾಗಿದೆಯೋ ಅವರ ಹೊರತು ಅವರ ಸಂಬಂಧಿಕರು, ನೆರೆಹೊರೆಯವರು ಮತ್ತು ಮುಯ್ಯಾಳುಗಳು ಧರಿಸತಕ್ಕದ್ದಲ್ಲ. ಖಾಲಿ ಇದ್ದರೂ ಚಿಂತೆಯಿಲ್ಲ.’ ನಾಗಮಂಗಲದಿಂದ ಬಂದ ಅಜ್ಜಿಯೊಬ್ಬರು ಇದನ್ನು ಓದಿಸಿಕೊಂಡು, “ನಮ್ ಸೊಸೆ ಒಂದ್ ಗಳ್ಗೆ ಆಕ್ಕಂಡ್ರೂ ಬ್ಯಾಡ್ವಾ ಮಗ, ಅವಳ್ಗೂ ಆಸೆ,” ಎಂದು ಕೇಳಿದ್ದಾರೆ. ನಾನು ಸೊಸೆಗೆ ಕಣ್ಣು ಕತ್ತಲೆ ಬರುತ್ತದೆಯೇ ಎಂದು ವಿಚಾರಿಸಿಯೇ ಮುಂದುವರಿದಿರುತ್ತೇನೆ.

ಪಕ್ಕದವರು ಎಡಗೈಯನ್ನು ಕೆಲವು ವಾರ ಭುಜದಿಂದ ಮೇಲೆ ಎತ್ತುವಂತಿರಲಿಲ್ಲ. ಆ ಅವಧಿಯಲ್ಲಿ ಅವರ ಕಬ್ಬನ್ನು ಸಾಗಿಸಿದವರು, ಗದ್ದೆಗೆ ನೀರು ಕಟ್ಟಿದವರು ಯಜಮಾನರು. ಮೇಡಂ ಟ್ರ್ಯಾಕ್ಟರು ಓಡಿಸಬಹುದೆಂದು ಒಪ್ಪಿಗೆ ಕೊಟ್ಟ ದಿನ ಇಬ್ಬರೂ ಒಟ್ಟಿಗೆ ನನ್ನ ಕೋಣೆಗೆ ಬಂದರು. ಯಜಮಾನರು ಬಿಸಿಲಿಗೆ ಕಪ್ಪಾಗಿ, ತೆಳ್ಳಗಾಗಿ, ಆರೋಗ್ಯವಾಗಿದ್ದರು. ಪಕ್ಕದವರು ಕೈ ಮುಂದೆ ಚಾಚಿ ನನ್ನೆದುರು ಕೂತರು, ನಾನು ಅವರ ಮಣಿಕಟ್ಟನ್ನು ಹಿಡಿದೆನು. ಇಬ್ಬರ ನಡುವೆ ವಾದವೊಂದು ನಡೆಯುತ್ತಲೇ ಒಳಗೆ ಬಂದಿತ್ತು.

“ನೀವೇ ಏಳಿ ಸಾ. ನಾನ್ ಇವನ್ಗೆ ಒಂದ್ ಗಂಟೆ ಮುಯ್ಯಿ ಮಾಡ್ದೆ. ಇವನು ಅದ್ಕೆ ಎಷ್ಟ್ ದಿನ ದುಡ್ದ ನೋಡಿ. ಈಗ ನಾನ್ ಬಾಕಿನಾ, ಇವನ್ ಬಾಕಿನಾ?” ಎಂದರು ಪಕ್ಕದವರು.

“ನೀನೇ ಕಣ್ಲಾ. ನಾನ್ ಅವತ್ತು ನೀರ್ ಉಯ್ಕಳ್ದೆ ಇದ್ದಿದ್ರೆ ನೀನ್ ನಾಲೇಲಿರ್ತಿದ್ದೆ.”

“ಕಾಯ್ಲೆ ನಂದು ಅಂತ ನಾನ್ ಒಪ್ಕಳ್ದೆ ಇದ್ದಿದ್ರೆ ನಿನ್ನೇ ಕುಯ್ದಿರೋರು, ಸುಮ್ಕಿರು.”

ಈ ವಿಷಯವು ನಮ್ಮ ಚಿಕಿತ್ಸಾಲಯದ ವ್ಯಾಪ್ತಿಗೆ ಬರುವುದಿಲ್ಲವೆಂದು ನಾನು ತಿಳಿಸಿದೆನು. ಅವರು ಅದನ್ನು ಲೆಕ್ಕಿಸದೆ ವಾದವನ್ನು ಮುಂದುವರಿಸಿದರು, ಬೆಂಚಿನ ಮೇಲೆ ಕಾಯುತ್ತಿದ್ದವರೂ ಒಬ್ಬೊಬ್ಬರು ಒಂದೊಂದು ಪಕ್ಷ ಹಿಡಿದರು. ಸರದಿ ತಪ್ಪುತ್ತಿತ್ತು, ಫೋನು ಹೊಡೆದುಕೊಳ್ಳುತ್ತಿತ್ತು. ಅಷ್ಟು ಹೊತ್ತೂ ನಾನು ಪಕ್ಕದವರ ಮಣಿಕಟ್ಟನ್ನು ಬಿಡಲಿಲ್ಲ. ಹೊರಟ ಆದೇಶಗಳೆಲ್ಲವೂ ತಲುಪುತ್ತಿದ್ದವು.